ಚರ್ಚಾಕೂಟದಲ್ಲಿ ಹೇಳದೆ ಉಳಿದ ಮಾತು

ಕಳೆದ ಅವಧಿಯಲ್ಲಿ ನಮ್ಮ ಕಾಲೇಜಿನ ಚರ್ಚಾಕೂಟದವರು ಒಂದು ವಿಷಯವನ್ನು ಚರ್ಚೆಗೆ ಇಟ್ಟಿದ್ದರು: "ಈಚಿನ ವರ್ಷಗಳಲ್ಲಿ ನಮ್ಮ ಜೀವನದ ಮೇಲೆ ಅತ್ಯಂತ ಹೆಚ್ಚು ಪ್ರಭಾವ ಬೀರಿದ ಜಾಲತಾಣ ಯಾವುದು?" ಮಾತನಾಡಲು ಹೆಸರು ಕೊಟ್ಟವರು ಒಂಬತ್ತು ಮಂದಿ, ಆ ಒಂಬತ್ತರಲ್ಲಿ ನಾನೂ ಒಬ್ಬ. ಒಬ್ಬೊಬ್ಬರಿಗೆ ಐದು ನಿಮಿಷ. ನನಗೆ ಬಹುಮಾನ ಬರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಇದು ಸೋತವನ ಗೊಣಗಾಟವೆಂದು ವಾಚಕರು ಲೇಖನದ ಕೊನೆಯಲ್ಲಿ ಕಂಡುಹಿಡಿದು ಬೇಸರಪಟ್ಟಾರು. ಆರಂಭದಲ್ಲಿಯೇ ಹಾಗೆ ತಿಳಿದುಕೊಂಡರೆ ನನ್ನ ಆಕ್ಷೇಪಣೆಯೇನೂ ಇಲ್ಲ.

ಮೊದಲು ಮಾತನಾಡಿದ ಮಿತ್ರರು ಗೂಗಲನ್ನು ಎತ್ತಿಹಿಡಿದರು. ಇನ್ನೊಬ್ಬರು ಫೇಸ್‌ಬುಕ್ಕಿನ ಪರವಾಗಿ ಮಾತನಾಡಿ, ತಾವೇ ಅದನ್ನು ಬಿಟ್ಟು ಎರಡು ವರ್ಷವಾಯಿತೆಂದು ಬಾಯಿತಪ್ಪಿ ಹೇಳಿ ನಗೆಗೀಡಾದರು. ಮೂರನೆಯವರು ವಾಟ್ಸಾಪ್ ಎಂದಾಗ, ಅದು ಜಾಲತಾಣವೋ ಅಲ್ಲವೋ ಎಂಬ ವಾಗ್ವಾದವೆದ್ದು, ಅಲ್ಲವೆಂದು ಅಧ್ಯಕ್ಷರು ತೀರ್ಪಿತ್ತರು. ಮತ್ತೊಬ್ಬರು 2022ರ ನವೆಂಬರ್ ಕೊನೆಗೆ ಬಂದ ಚಾಟ್‌ಜಿಪಿಟಿಯ ಹೆಸರು ಹೇಳಿದರು. ಅವರ ಭಾಷಣವು ಬಹಳ ನಿರ್ದುಷ್ಟವಾಗಿತ್ತು. ಅದನ್ನು ಬರೆದವರು ಯಾರೆಂದು ತೀರ್ಪುಗಾರರೊಬ್ಬರು ನಗುತ್ತ ಕೇಳಿದಾಗ ಅವರೂ ನಕ್ಕುಬಿಟ್ಟರು. ಈ ಸಂಚಿಕೆಯಲ್ಲಿಯೂ ಅಂಥ ನಿರ್ದುಷ್ಟವಾದ ಲೇಖನಗಳು ಕೆಲವು ಇರಬಹುದು. ನನ್ನದರಲ್ಲಿ ದೋಷಗಳಿವೆಯಾದ್ದರಿಂದ ನಾನು ನಿಶ್ಚಿಂತ.

ಪ್ರಥಮ ಬಹುಮಾನ ಪಡೆದವರು ಹರಿಹರದಿಂದ ದಿನವೂ ಬಸ್ಸಿನಲ್ಲಿ ಬರುವ ನಮ್ಮ ಸಹಪಾಠಿನಿಯೊಬ್ಬರು. ಅವರ ವಿಷಯ ಯೂಟ್ಯೂಬ್. ಅದು 2005ರಲ್ಲಿ ಹುಟ್ಟಿದ್ದು, ಮರುವರ್ಷವೇ ಗೂಗಲ್ ಕಂಪನಿಯವರು ಅದನ್ನು 165 ಕೋಟಿ ಡಾಲರಿಗೆ ಕೊಂಡದ್ದು, ಇವನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸಿ ಅವರು ತಮ್ಮ ಮನೆಗೆ ಬಂದರು. ಹುಟ್ಟಿದ ವರ್ಷ ಯಾವುದಾದರೂ ಇರಲಿ, ನಮ್ಮ ಓಣಿಗಳಿಗೆ ಅದು ಕಾಲಿಟ್ಟದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋದವರು ಡೇಟಾವನ್ನು ಪುಕ್ಕಟೆ ಹಂಚಿದ ಮೇಲೆ ಎಂದರು, ಅದು ನಿಜ. ಅವರ ತಾಯಿಗೆ ಓದಲು ಬಾರದು. ಆಕೆ ಫೋನಿನ ಮುಂದೆ "ಕಟೋರಿ ಬ್ಲೌಸು ಕತ್ತರಿಸೋದು" ಎಂದು ಬಾಯಿಂದ ಹೇಳುತ್ತಾರಂತೆ, ಫೋನು ತೋರಿಸುತ್ತದಂತೆ, ನೋಡಿ ಕಲಿತು ಈಗ ಬೀದಿಯವರ ರವಿಕೆಗಳನ್ನೆಲ್ಲ ಹೊಲಿದು ಮನೆಯ ಖರ್ಚಿಗೆ ತಾವೂ ಹೆಗಲು ಕೊಡುತ್ತಿದ್ದಾರಂತೆ. "ಅಕ್ಷರ ಬಾರದ ನನ್ನ ತಾಯಿಯನ್ನು ಒಳಗೆ ಬಿಟ್ಟುಕೊಂಡ ಮೊದಲನೆಯ ಪುಸ್ತಕಾಲಯ ಇದು" ಎಂದು ಅವರು ಮುಗಿಸಿದಾಗ ಸಭಾಂಗಣ ಕರತಾಡನದಿಂದ ತುಂಬಿಹೋಯಿತು. ನಾನೂ ಚಪ್ಪಾಳೆ ತಟ್ಟಿದೆ. ಆ ಮಾತಿನ ಬೆಲೆ ನನಗೆ ಆ ದಿನ ಪೂರ್ತಿ ತಿಳಿಯಲಿಲ್ಲ; ಅದಕ್ಕೆ ಮುಂದೆ ಬರುತ್ತೇನೆ.

ದ್ವಿತೀಯ ಬಹುಮಾನ ಪಡೆದವರ ವಿಷಯ ನನಗೆ ಪ್ರಿಯವಾದದ್ದು. ಅವರು ಮಾತನಾಡಿದ್ದು 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಂಟರ್‌ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರದ ಬಗೆಗೆ, ಅದರ ಜೊತೆಗೆ 2003ರ ಜೂನ್ ತಿಂಗಳಲ್ಲಿ ಮೊದಲಾದ ಕನ್ನಡ ವಿಕಿಪೀಡಿಯದ ಬಗೆಗೆ. ಅವರು ಮಾತನಾಡುತ್ತಿರುವಾಗ ನನಗೆ ನೆನಪಾದದ್ದು ನಾವು ಇತಿಹಾಸದ ವಿದ್ಯಾರ್ಥಿಗಳು ಹಿಂದಿನ ವರ್ಷ ಹರಿಹರಕ್ಕೆ ಹೋಗಿದ್ದ ದಿನ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಶಾಸನದ ಕಲ್ಲುಗಳ ಮುಂದೆ ನಮ್ಮ ಅಧ್ಯಾಪಕರು ನಮ್ಮನ್ನು ನಿಲ್ಲಿಸಿ, "ಓದಿರಯ್ಯಾ" ಎಂದರು. ಒಬ್ಬರಿಗೂ ಒಂದು ಸಾಲೂ ಹತ್ತಲಿಲ್ಲ. ಆಗ ನಾನು ಫೋನು ತೆಗೆದು, ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟವನ್ನು, ಅಂದರೆ ನಾವಿನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲದ ಸಂಪುಟವನ್ನು, ಆ ಭಂಡಾರದಿಂದ ತೆರೆದು, ಕಂಬಕ್ಕೆ ಒರಗಿ ಕುಳಿತು ಅದೇ ಗುಡಿಯ ಶಾಸನದ ಪಾಠವನ್ನು ಓದಿದೆ. ಒಂದು ಕಾಲಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಪರಿಚಯದವರ ಪತ್ರ ಹಿಡಿದು ನೋಡಬೇಕಾಗಿದ್ದ ಗ್ರಂಥ ಅದು. ಹಮಾಲಿ ಮಾಡುವವನ ಮಗನಾದ ನನಗೆ ಅದು ಕಾಸಿಲ್ಲದೆ, ಶಿಫಾರಸಿಲ್ಲದೆ, ಗುಡಿಯ ನೆರಳಿನಲ್ಲಿ ಸಿಕ್ಕಿತು. ವಿ. ಕೃಷ್ಣ ಎಂಬ ಹಿರಿಯರು ನಾಲ್ಕು ದಶಕ ಒಬ್ಬರೇ ಕುಳಿತು ಕೂಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ 'ಅಲರ್' ಎಂಬ ತಾಣವಾಗಿ ಹೊರಬಂದದ್ದೂ ಇದೇ ಜಾತಿಯ ಉಪಕಾರ. ಒಂದೂವರೆ ಲಕ್ಷ ಪದಗಳು! ನನ್ನ ಇಂಗ್ಲಿಷಿನ ಅರ್ಧ ಭಾಗ ಅವರ ಭಿಕ್ಷೆ. ಇರಲಿ, ಈ ತಾಣಗಳು ನನಗೆ ಪ್ರಿಯ, ಆದರೆ ಪ್ರಿಯವಾದದ್ದು ಬೇರೆ, ಪ್ರಭಾವ ಬೇರೆ ಎಂಬುದೇ ನನ್ನ ವಾದವಾಗಿತ್ತು.

ನಾನು ಮಾತನಾಡಿದ್ದು 'ಭೂಮಿ'ಯ ಬಗೆಗೆ. ಎಂದರೆ ಪಹಣಿ ಸಿಗುವ ತಾಣದ ಬಗೆಗೆ. ಹೆಸರು ಹೇಳಿದ ಕೂಡಲೆ ಹಿಂದಿನ ಬೆಂಚುಗಳಲ್ಲಿ ನಗೆಯೆದ್ದಿತು. ನಗೆಯಿಂದ ಗಾಬರಿಗೊಂಡ ನಾನು ಬರೆದುಕೊಂಡು ಹೋಗಿದ್ದ ಅಂಕಿ-ಅಂಶಗಳನ್ನು ಗಟ್ಟಿಯಾಗಿ ಓದಿ, ಗಂಟೆ ಬಾರಿಸಿದ ಮೇಲೆ ಕೆಳಗಿಳಿದೆ. "ಅಂಕಿಗಳು ಸರಿಯಿವೆ, ಆದರೆ ಮಾತಿನಲ್ಲಿ ಮನುಷ್ಯರಿಲ್ಲ" ಎಂದು ತೀರ್ಪುಗಾರರು ಬರೆದಿದ್ದರಂತೆ. ಸಂಜೆ ಮಿತ್ರರೊಬ್ಬರು ಬೆಣ್ಣೆದೋಸೆ ಕೊಡಿಸಿ ಸಮಾಧಾನ ಹೇಳಿದರು. ದೋಸೆಯಿಂದ ಸೋಲು ಕರಗಿತು. ತೀರ್ಪುಗಾರರ ಮಾತು ಕರಗಲಿಲ್ಲ. ಆ ಮನುಷ್ಯರನ್ನು ಈಗಲಾದರೂ ತರಬೇಕೆಂದು ಈ ಲೇಖನ.

ಪ್ರಭಾವವೆಂದರೇನು? ಎಷ್ಟು ಜನ ನೋಡಿದರು, ಎಷ್ಟು ಹೊತ್ತು ನೋಡಿದರು ಎಂಬ ಲೆಕ್ಕವೆ? ಹಾಗಾದರೆ ದುರ್ಗಾಂಬಿಕೆಯ ಜಾತ್ರೆಯಲ್ಲಿ ತಿರುಗುವ ತೊಟ್ಟಿಲೇ ನಮ್ಮ ಊರಿನ ಅತ್ಯಂತ ಪ್ರಭಾವಶಾಲಿಯಾದ ಸಂಸ್ಥೆಯೆನ್ನಬೇಕಾದೀತು. ನನ್ನ ಅಲ್ಪಮತಿಗೆ ತೋರುವ ಅಳತೆ ಬೇರೆ: ಯಾವುದನ್ನು ಬೇಡವೆಂದು ಬಿಟ್ಟು ಬದುಕಲು ಆಗುವುದಿಲ್ಲವೋ ಅದರ ಪ್ರಭಾವ ದೊಡ್ಡದು. ಒಂದು ವಾರ ಯೂಟ್ಯೂಬ್ ನಿಂತುಹೋದರೆ ನಮಗೆ ಬೇಸರವಾದೀತು. ಪರೀಕ್ಷೆಯ ಫಲಿತಾಂಶ ಸ್ವಲ್ಪ ಉತ್ತಮವಾದರೂ ಆದೀತು. ಪಹಣಿಯ ತಾಣ ಒಂದು ವಾರ ನಿಂತರೆ ಸೊಸೈಟಿಯ ಬೆಳೆಸಾಲ ನಿಲ್ಲುತ್ತದೆ, ಕ್ರಯಪತ್ರ ನಿಲ್ಲುತ್ತದೆ, ಅಣ್ಣತಮ್ಮಂದಿರ ಪಾಲು ನಿಲ್ಲುತ್ತದೆ. ಅದನ್ನು ಯಾರೂ ಪ್ರೀತಿಯಿಂದ ತೆರೆದು ನೋಡುವುದಿಲ್ಲ. ಅದರ ಚಂದಾದಾರರಾಗಿರೆಂದು ಯಾರೂ ಯಾರನ್ನೂ ಬೇಡಿಕೊಳ್ಳುವುದಿಲ್ಲ. ಆದರೂ ನಾಡಿನ ಹೊಲಗಳೆಲ್ಲ ಅದರ ಒಳಗೆ ಇವೆ.

ಹರಿಹರ ತಾಲ್ಲೂಕಿನ ಹಳ್ಳಿಯೊಂದು ನನ್ನ ತಾಯಿಯ ತವರು. ಭದ್ರಾ ನಾಲೆಯ ಕೊನೆಯ ಭಾಗದಲ್ಲಿ, ನೀರು ಬಂದರೆ ಬಂತು ಎನ್ನುವಂಥ ಜಾಗದಲ್ಲಿ ಸೋದರಮಾವನಿಗೆ ಎರಡು ಎಕರೆ ಗದ್ದೆಯಿದೆ. ನನ್ನ ತಾಯಿಯ ತಂದೆಯ ಕಾಲದ ಕಥೆಯನ್ನು ಅವ್ವ ಈಗಲೂ ಹೇಳುತ್ತಾಳೆ. ಹೊಲದ ಲೆಕ್ಕವೆಲ್ಲ ಒಬ್ಬರ ಮನೆಯ ಕೈಪೆಟ್ಟಿಗೆಯಲ್ಲಿ ಇರುತ್ತಿತ್ತು. ಒಂದು ಉತಾರ ಬೇಕಾದರೆ ಬುಟ್ಟಿಯಲ್ಲಿ ಶೇಂಗವೋ ಬದನೆಕಾಯಿಯೋ ಇಟ್ಟುಕೊಂಡು ಹೋಗಿ ಅವರ ಜಗುಲಿಯ ಕೆಳಗೆ ನಿಲ್ಲಬೇಕು. "ನಾಳೆ ಬಾ" ಎಂದರೆ ನಾಳೆ, "ಸುಗ್ಗಿ ಆದ ಮೇಲೆ ಬಾ" ಎಂದರೆ ಸುಗ್ಗಿಯ ಮೇಲೆ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು 1961ರ ಕಾಯಿದೆ ತೆಗೆದುಹಾಕಿ 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂದರೂ, ಪುಸ್ತಕ ಮಾತ್ರ ಕೈಬರಹದ ಪುಸ್ತಕವಾಗಿಯೇ ಉಳಿಯಿತು. ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಯಿತು, ಅಷ್ಟೆ. ಓದಬಲ್ಲವನು ಮೇಲೆ, ಓದಲಾರದವನು ಕೆಳಗೆ, ನಡುವೆ ಜಗುಲಿ.

ಆ ಪುಸ್ತಕವನ್ನು ಮುಚ್ಚಿದ್ದು ಭೂಮಿ ಯೋಜನೆ. 2000ದಿಂದ 2002ರವರೆಗಿನ ಎರಡು ಮೂರು ವರ್ಷಗಳಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿದ್ದ, ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ, ಎರಡು ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಹೋದವು. ತಾಲ್ಲೂಕು ಕಚೇರಿಗಳಲ್ಲಿ ಕಿಟಕಿ ತೆರೆಯಿತು. ಆಗ ಒಂದು ಪಹಣಿಗೆ ಹದಿನೈದು ರೂಪಾಯಿ. ಕೈಬರಹದ ಪಹಣಿ ಚಲಾವಣೆಯಿಂದ ಹೋಯಿತು. ಇದು ನಾನು ವೇದಿಕೆಯ ಮೇಲೆ ಓದಿದ ಅಂಕಿ. ಓದದೆ ಉಳಿದದ್ದು ಮಾವನ ಮಾತು. ಬೆಳೆಸಾಲಕ್ಕೆಂದು ಹರಿಹರಕ್ಕೆ ಬಂದು ಹತ್ತು ನಿಮಿಷದಲ್ಲಿ ಪಹಣಿ ಕೈಗೆ ಸಿಕ್ಕಿದ ದಿನ ಆತ ಅದನ್ನು ಮಡಿಚದೆ, ಹಾಗೆಯೇ ಎರಡು ಕೈಯಲ್ಲಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದನಂತೆ. "ನಮ್ಮಪ್ಪ ಇದಕ್ಕ ಮೂರು ಸುಗ್ಗಿ ಕಾದಿದ್ದ" ಎಂದು ಹೇಳುವಾಗ ಈಗಲೂ ಆತನ ದನಿ ಬದಲಾಗುತ್ತದೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಿದರೆ ಅರ್ಥಶಾಸ್ತ್ರದ ವಿಭಾಗದವರು ನನ್ನನ್ನು ಬಿಡಲಾರರು. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿಯೇ ಬರೆದರು: ದಾಖಲೆ ತಾಲ್ಲೂಕಿನ ಕಂಪ್ಯೂಟರಿಗೆ ಹೋದದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಅನುಕೂಲವಾಯಿತು, ಸಣ್ಣವರಿಗೆ ಹಳ್ಳಿಯಲ್ಲಿ ಇದ್ದ ಹಿಡಿತ ಸಡಿಲವಾಯಿತು ಎಂದು. ಬೆಂಗಳೂರಿನ ಮಾತು ಹಾಗಿರಬಹುದು. ಮಾವನ ಎರಡು ಎಕರೆಯನ್ನು ಕೊಳ್ಳಲು ಈ ತನಕ ಯಾವ ಕಂಪನಿಯೂ ಬಂದಿಲ್ಲ. ಆದರೆ ಹೀಗೆ ಜಗಳವಾಡಬೇಕಾದಷ್ಟು ದೊಡ್ಡದು ಅದು ಎಂಬುದೂ ನನ್ನ ವಾದಕ್ಕೆ ಪೋಷಕವೇ ಅಲ್ಲವೆ?

ಭೂಮಿ ಒಂದು ಮೊದಲಿನ ಬಾಗಿಲು ಮಾತ್ರ. ಅದರ ಹಿಂದೆ ಸಾಲಾಗಿ ಬಾಗಿಲುಗಳು ಬಂದಿವೆ. ನಾವು ಈ ಕಾಲೇಜಿಗೆ ಸೇರಿದ್ದು ಒಂದು ತಾಣದಿಂದ, ಪರೀಕ್ಷೆಗೆ ಅರ್ಜಿ ಹಾಕುವುದು ಅದರಿಂದಲೇ, ವಿದ್ಯಾರ್ಥಿವೇತನಕ್ಕೆ ಮತ್ತೊಂದು. ಜಾತಿ ಆದಾಯ ಪತ್ರಕ್ಕೆ ಒಂದು, ಪಡಿತರ ಚೀಟಿಗೆ ಒಂದು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ ಹೆಂಗಸರು ಹೆಸರು ಬರೆಸಿದ್ದು ಸೇವಾಸಿಂಧುವಿನ ಮೂಲಕ. ಪದವಿ ಮುಗಿಸಿ ಕೆಲಸವಿಲ್ಲದವರಿಗೆಂದು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಯುವನಿಧಿಗೂ ಅದೇ ಬಾಗಿಲು. ತಂದೆ ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹೊರುವ ಮೆಕ್ಕೆಜೋಳದ ಬೆಲೆ ದಿನವೂ ಕೃಷಿ ಮಾರಾಟವಾಹಿನಿಯ ತಾಣದಲ್ಲಿ ಬರುತ್ತದೆ; ನಾನು ಸಂಜೆ ಅದನ್ನು ಓದಿ ಹೇಳುತ್ತೇನೆ. "ಜಾಲದಾಗ ಬೆಲಿ ಏರ್ತೈತಿ, ಇಳೀತೈತಿ, ಚೀಲದ ತೂಕ ಮಾತ್ರ ಯಾವ ತಾಣದಾಗೂ ಇಳೀಲಿಲ್ಲ" ಎಂಬುದು ಅಪ್ಪನ ಅಭಿಪ್ರಾಯ.

ನಡುವೆ ಒಂದು ಮಾತು. ಈ ಎಲ್ಲ ಯೋಜನೆಗಳಲ್ಲಿ ನನ್ನ ತಾಯಿ ಯಾರ ನೆರವೂ ಇಲ್ಲದೆ ಪಡೆದದ್ದು ಒಂದೇ ಒಂದು: 2023ರ ಜೂನ್ 11ರಿಂದ ಜಾರಿಗೆ ಬಂದ ಬಸ್ಸಿನ ಪುಕ್ಕಟೆ ಪ್ರಯಾಣ. ಅದಕ್ಕೆ ಅವಳು ಯಾವ ತಾಣವನ್ನೂ ತೆರೆಯಬೇಕಾಗಲಿಲ್ಲ. ಕಂಡಕ್ಟರಿಗೆ ಗುರುತಿನ ಚೀಟಿ ತೋರಿಸಿ, ಕಿಟಕಿಯ ಪಕ್ಕ ಕುಳಿತು ಹರಿಹರಕ್ಕೆ ಹೋಗಿ ತಮ್ಮನನ್ನು ಕಂಡು ಬಂದಳು. ಉಳಿದದ್ದಕ್ಕೆಲ್ಲ ಅವಳು ನನ್ನ ಮುಖ ನೋಡುತ್ತಾಳೆ.

ಇನ್ನು ನಾನು ವೇದಿಕೆಯ ಮೇಲೆ ಸಮಯವಿದ್ದರೂ ಹೇಳುತ್ತಿರಲಿಲ್ಲವೋ ಏನೋ ಎಂಬ ಮಾತಿಗೆ ಬರಬೇಕು.

ಮನೆಗೆ ಮೊದಲನೆಯ ಪದವೀಧರನಾಗುವವನು ಓಣಿಗೆ ಮೊದಲನೆಯ ಗುಮಾಸ್ತನೂ ಆಗುತ್ತಾನೆ. ಇದು ನನ್ನೊಬ್ಬನ ಅನುಭವವಲ್ಲವೆಂದು ಬಲ್ಲೆ. ಈ ಪುಟಗಳನ್ನು ಓದುವ ಅರ್ಧ ಜನರ ಫೋನಿನಲ್ಲಿ ಪರರ ಆಧಾರ್ ಚೀಟಿಯ ಚಿತ್ರಗಳಿದ್ದಾವು. ಪಿ.ಯು.ಸಿ. ಮುಗಿಸಿದ ಬೇಸಗೆಯಿಂದ ನಾನು ನಮ್ಮ ಓಣಿಯವರ ಅರ್ಜಿಗಳನ್ನು ತುಂಬುತ್ತ ಬಂದಿದ್ದೇನೆ. ಅಂಗಡಿಗೆ ಹೋದರೆ ಐವತ್ತೋ ನೂರೋ ಕೇಳುತ್ತಾರೆ. ನಾನು ಮೊದಲು ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಆಮೇಲೆ ಹತ್ತು, ಆಮೇಲೆ ಇಪ್ಪತ್ತು. ಪುಸ್ತಕಕ್ಕೆ ಬೇಕೆಂದು ಮನಸ್ಸಿಗೆ ಹೇಳಿಕೊಂಡೆ. ಕೆಲವು ಸಲ ಪುಸ್ತಕವನ್ನೂ ಕೊಂಡೆ.

ನಮ್ಮ ಓಣಿಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ವಿಧವೆಯಿದ್ದಾಳೆ. ನಾವೆಲ್ಲ ದೊಡ್ಡವ್ವ ಎನ್ನುತ್ತೇವೆ. ಬೆಳಗಿನ ಜಾವ ಎದ್ದು ಹೋಗಿ, ಮಧ್ಯಾಹ್ನ ಕೂದಲಿನ ತುಂಬ ಹೊಗೆಯ ವಾಸನೆ ಹೊತ್ತು ಬರುತ್ತಾಳೆ. ಅವಳಿಗೆ ಬರಬೇಕಾದ ಒಂದು ತಿಂಗಳ ಸಹಾಯಧನಕ್ಕೆ ನಾನು ಅರ್ಜಿ ಹಾಕಿಕೊಟ್ಟೆ. ಯಾವ ತಾಣ, ಯಾವ ಯೋಜನೆ ಎಂಬುದು ಇಲ್ಲಿ ಅನಗತ್ಯ, ಏಕೆಂದರೆ ತಪ್ಪು ತಾಣದ್ದಲ್ಲ. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಕೇಳಿತು. ಅವಳಲ್ಲಿ ಫೋನಿರಲಿಲ್ಲ. ಒ.ಟಿ.ಪಿ. ಬರಬೇಕಲ್ಲ, ನನ್ನ ಸಂಖ್ಯೆಯನ್ನು ಹಾಕಿದೆ. ಅರ್ಜಿ ಹೋಯಿತು. ಅವಳು ಇಪ್ಪತ್ತು ರೂಪಾಯಿ ಕೊಟ್ಟು, ಒಂದು ಸೇರು ಮಂಡಕ್ಕಿಯನ್ನೂ ಕೊಟ್ಟಳು.

ಎರಡು ತಿಂಗಳಿಗೆ ನಾನು ಆ ಸಂಖ್ಯೆಗೆ ದುಡ್ಡು ತುಂಬುವುದನ್ನು ಬಿಟ್ಟು, ಅಗ್ಗದ್ದೆಂದು ಬೇರೆ ಕಂಪನಿಯ ಹೊಸ ಸಂಖ್ಯೆ ತೆಗೆದುಕೊಂಡೆ. ದೊಡ್ಡವ್ವನ ಅರ್ಜಿ ನನ್ನ ನೆನಪಿನಲ್ಲಿ ಇರಲಿಲ್ಲ. ತಿಂಗಳಿಗೊಮ್ಮೆ ಅವಳು ಬಂದು, "ಬಂತೇನೋ ತಮ್ಮಾ?" ಎಂದು ಕೇಳುವಳು. ಮೊದಲ ಸಲ, ನೋಡುತ್ತೇನೆಂದೆ. ಎರಡನೆಯ ಸಲ, "ಸರ್ವರ್ ಇಲ್ಲ ದೊಡ್ಡವ್ವ" ಎಂದೆ. ನಿಜವಾಗಿ ನಾನು ತೆರೆದು ನೋಡಿರಲಿಲ್ಲ. ಮೂರನೆಯ ಸಲವೂ ಅದೇ ಉತ್ತರ ಬಾಯಿಗೆ ಬಂದಿತು. ಅದೆಷ್ಟು ಸುಲಭವಾದ ಉತ್ತರವೆಂಬುದನ್ನು ಗಮನಿಸಿರಿ: ಹೇಳುವವನದು ತಪ್ಪಿಲ್ಲ, ಕೇಳುವವಳು ಮರುಪ್ರಶ್ನೆ ಹಾಕುವಂತಿಲ್ಲ. ಅವಳು ಪಾಪ, ಸರ್ವರ್ ಎಂದರೆ ಯಾರೋ ರಜೆಯ ಮೇಲೆ ಹೋಗಿರುವ ಅಧಿಕಾರಿಯೆಂದು ತಿಳಿದಿದ್ದಳು. "ಅವ್ರು ಯಾವಾಗ ಬರ್ತಾರಂತೋ?" ಎಂದು ಒಮ್ಮೆ ಕೇಳಿದಳು. ಇದನ್ನು ನಾನು ಗೆಳೆಯರಿಗೆ ಹೇಳಿ ನಗಿಸಿದ್ದೇನೆ.

ಏಳನೆಯ ತಿಂಗಳು ಅವಳು ಒಂದು ದಿನದ ಕೂಲಿ ಬಿಟ್ಟು, ನಮ್ಮ ತಾಯಿಯನ್ನು ಜೊತೆಮಾಡಿಕೊಂಡು ನನ್ನನ್ನು ಕಚೇರಿಗೆ ಎಳೆದುಕೊಂಡು ಹೋದಳು. ಅಲ್ಲಿದ್ದ ಗುಮಾಸ್ತರು ಸಾವಧಾನದ ಮನುಷ್ಯರು. ಅರ್ಜಿಯ ಸಂಖ್ಯೆ ಕೇಳಿ, ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಸರಿಪಡಿಸಿಕೊಳ್ಳಿರೆಂದು ಮೂರು ಸಲ ಸಂದೇಶ ಹೋಗಿತ್ತು. ಮೂರೂ ನನ್ನ ಸತ್ತ ಸಂಖ್ಯೆಗೆ. "ಈ ನಂಬರು ಯಾರದಮ್ಮಾ?" ಎಂದರು. ದೊಡ್ಡವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅಂದು ರಾತ್ರಿ ನನಗೆ ಹೊಳೆದದ್ದು ಇಷ್ಟು: ಅಜ್ಜನಿಗೆ "ನಾಳೆ ಬಾ" ಎಂದವರಿಗೂ ದೊಡ್ಡವ್ವನಿಗೆ "ಸರ್ವರ್ ಇಲ್ಲ" ಎಂದ ನನಗೂ ಬಟ್ಟೆಬರೆಯ ವ್ಯತ್ಯಾಸವಿದೆಯೇ ಹೊರತು ಬೇರೆ ಏನಿದೆ? ಅವರು ತೆಗೆದುಕೊಂಡದ್ದು ಒಂದು ಬುಟ್ಟಿ ಶೇಂಗ; ನಾನು ಒಂದು ಸೇರು ಮಂಡಕ್ಕಿ. ಜಗುಲಿ ಹೋಗಿಲ್ಲ. ನಾನು ಅದರ ಮೇಲೆ ಕುಳಿತಿದ್ದೆ, ಅಷ್ಟೆ. ಮೂರು ಸುಗ್ಗಿ ಕಾದವನ ಮೊಮ್ಮಗನಿಗೆ ಅದು ಗೊತ್ತಾಗಲು ಏಳು ತಿಂಗಳು ಬೇಕಾಯಿತು.

ಈಗ ಸಹಪಾಠಿನಿಯ ಭಾಷಣಕ್ಕೆ ಹಿಂದಿರುಗುತ್ತೇನೆ. ನನ್ನ ಅಳತೆ ತಪ್ಪೆಂದು ನನಗೆ ಇಂದೂ ಅನಿಸುವುದಿಲ್ಲ. ಬಿಡಲಾಗದ ಬಾಗಿಲೇ ದೊಡ್ಡ ಬಾಗಿಲು. ಆದರೆ ಅವರು ಹೇಳಿದ್ದು ನನ್ನ ಅಂಕಿಗಳಿಗೆ ಸಿಗದೆ ಹೋದ ಒಂದು ಸತ್ಯ. ಅವರ ತಾಯಿ ತನ್ನ ಬಾಯಿಂದ ತಾನೇ ಕೇಳಿ, ತಾನೇ ನೋಡಿ, ತಪ್ಪಿದರೆ ಇನ್ನೊಮ್ಮೆ ನೋಡಿ ಕಲಿತರು. ನಡುವೆ ನನ್ನಂಥವನೊಬ್ಬ ಇರಲಿಲ್ಲ. ರವಿಕೆ ಕತ್ತರಿಸುವುದನ್ನು ತೋರಿಸುವ ತಾಣಕ್ಕೆ ಹೆಂಗಸಿನ ಕನ್ನಡದ ಮಾತು ಅರ್ಥವಾಗುತ್ತದೆಯಂತೆ. ಅದೇ ಹೆಂಗಸು ತನ್ನ ಹಕ್ಕಿನ ಹಣಕ್ಕೆ ಅರ್ಜಿ ಹಾಕುವಲ್ಲಿ ಮಾತ್ರ ಓದಬೇಕು, ಒತ್ತಬೇಕು, ಒ.ಟಿ.ಪಿ. ತರಿಸಬೇಕು, ಒಂದು ನಿಮಿಷದೊಳಗೆ ಅದನ್ನು ಹೊಡೆಯಬೇಕು. ವ್ಯಾಪಾರದವರಿಗೆ ಅವಳ ಧ್ವನಿ ಬೇಕಾಗಿದೆ, ಆದ್ದರಿಂದ ಅವರು ಕಿವಿ ಕಟ್ಟಿಕೊಂಡಿದ್ದಾರೆ. ಅರ್ಜಿಯ ತಾಣಗಳಿಗೂ ಕಿವಿ ಬರುವುದು ಅಸಾಧ್ಯವೇನಲ್ಲ. ಬರುವ ತನಕ ಕಾಗದದ ಅರ್ಜಿಯೊಂದು ಪಕ್ಕದಲ್ಲಿ ಇರಲಿ, ಅರ್ಜಿ ಎಲ್ಲಿಗೆ ಬಂದಿದೆಯೆಂದು ಬಾಯಿಬಿಟ್ಟು ಹೇಳುವ ಒಬ್ಬ ಮನುಷ್ಯ ವಾರ್ಡಿಗೆ ಒಬ್ಬರಂತೆ ಇರಲಿ ಎಂದು ಕೇಳುವುದು ಹಿಂದಕ್ಕೆ ಹೋಗುವ ಮಾತೆಂದು ನನ್ನ ಕೆಲವು ಮಿತ್ರರು ಹೇಳುವರು. ಅವರು ದೊಡ್ಡವ್ವನ ಜೊತೆ ಒಂದು ದಿನ ಸರದಿಯಲ್ಲಿ ನಿಂತು ಬಂದ ಮೇಲೆ ಅವರ ಅಭಿಪ್ರಾಯವನ್ನು ನಾನು ಆದರದಿಂದ ಕೇಳುತ್ತೇನೆ.

ಕಚೇರಿಯಿಂದ ಬಂದ ಮೂರನೆಯ ದಿನ ನಾನು ದೊಡ್ಡವ್ವನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಸರ್ವರಿನ ಸುಳ್ಳನ್ನೂ ಹೇಳಿದೆ. ಬೈಯುವಳೆಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ತಪ್ಪು ಕಂಪ್ಯೂಟರಿಂದಲ್ಲೇನು? ಪಾಪ, ಏಳು ತಿಂಗ್ಳು ಅದನ್ನ ಬೈಕೊಂಡು ತಿರುಗಿದ್ನಲ್ಲೋ!" ಎಂದಳು. ಬೈದಿದ್ದರೆ ಒಳ್ಳೆಯದಿತ್ತು. ಖಾತೆಯ ಜೋಡಣೆಯಾಗಿ ಈಗ ಹಣ ಬರುತ್ತಿದೆ. ಹಿಂದಿನ ಏಳು ತಿಂಗಳದ್ದು ಬರಲಿಲ್ಲ. ಅವಳು ಒಂದು ಸಣ್ಣ ಫೋನು ಕೊಂಡಿದ್ದಾಳೆ. ಅದರ ಸಂಖ್ಯೆಯನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದುಕೊಟ್ಟಿದ್ದೇನೆ.

ಪ್ರಾಚಾರ್ಯರಲ್ಲಿಯೂ ಗ್ರಂಥಪಾಲಕರಲ್ಲಿಯೂ ನಾನು ಒಂದು ಬಿನ್ನಹ ಮಾಡಿಕೊಂಡಿದ್ದೇನೆ. ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ವಾಚನಾಲಯದ ಎರಡು ಕಂಪ್ಯೂಟರುಗಳನ್ನು ನಮಗೆ ಬಿಟ್ಟುಕೊಡಲು ಅವರು ಒಪ್ಪಿದ್ದಾರೆ. ಸುತ್ತಲಿನ ಓಣಿಗಳಿಂದ ಯಾರು ಬಂದರೂ ಅರ್ಜಿ ತುಂಬಿಕೊಡುವುದು, ದುಡ್ಡು ತೆಗೆದುಕೊಳ್ಳಬಾರದು, ನಮ್ಮ ಸಂಖ್ಯೆ ಹಾಕಬಾರದು, ತುಂಬಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಬೇಕು, ಅರ್ಜಿಯ ಸಂಖ್ಯೆಯನ್ನು ಅವರ ಕೈಗೆ ಬರೆದುಕೊಡಬೇಕು. ಕಂಪ್ಯೂಟರ್ ನಿಜವಾಗಿ ನಿಂತಿದ್ದರೆ ಪರದೆಯನ್ನು ಅವರ ಕಡೆಗೆ ತಿರುಗಿಸಿ ತೋರಿಸಬೇಕು. ಹರಿಹರದ ಸಹಪಾಠಿನಿ ಮೊದಲಿಗೆ ಒಪ್ಪಿದರು, ಸಂಜೆಯ ಬಸ್ಸಿಗೆ ಬಿಡಬೇಕೆಂಬ ಷರತ್ತಿನ ಮೇಲೆ. ಈಗ ನಾಲ್ಕು ಜನರಾಗಿದ್ದೇವೆ. ಏಪ್ರಿಲಿಗೆ ನಾವು ನಾಲ್ವರೂ ಕಾಲೇಜು ಬಿಡುತ್ತೇವೆ. ಆದ್ದರಿಂದ ಮೊದಲನೆಯ, ಎರಡನೆಯ ವರ್ಷದ ಮಿತ್ರರು ಹೆಸರು ಕೊಡಬೇಕು. ವಾಚನಾಲಯದ ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇವೆ.